ನಡುವಯಸ್ಸಿನ ನಡಿಗೆ: ತೂಕದ ಯಂತ್ರ ಹೇಳದ ಲೆಕ್ಕ

2025ರ ಜುಲೈ ಮೊದಲ ವಾರದಲ್ಲಿ ಮೈಸೂರು ಮತ್ತು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಹೊತ್ತಿಗೇ ಜನರ ಸಾಲು ಬೆಳೆಯುತ್ತಿತ್ತು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳ ಅವಧಿಯಲ್ಲಿ 20ಕ್ಕೂ ಹೆಚ್ಚು ಮಂದಿ ಹಠಾತ್ತನೆ ಮೃತಪಟ್ಟರೆಂಬ ಸುದ್ದಿ ರಾಜ್ಯದ ಉದ್ದಗಲಕ್ಕೂ ಹರಡಿದ್ದೇ ಇದಕ್ಕೆ ಕಾರಣ. ಸಾಲಿನಲ್ಲಿ ನಿಂತ ಅನೇಕರಿಗೆ ಎದೆನೋವು ಇರಲಿಲ್ಲ, ಇದ್ದದ್ದು ಭಯ. ಆತಂಕದಿಂದ ಆಸ್ಪತ್ರೆಗೆ ಧಾವಿಸಬೇಡಿ, ಬದುಕಿನ ಕ್ರಮವನ್ನು ಬದಲಿಸಿಕೊಳ್ಳಿ ಎಂದು ವೈದ್ಯರು ಮನವಿ ಮಾಡಬೇಕಾಯಿತು.

ಕನ್ನಡ ನಾಡಿಗೆ ಇಂಥ ಭಯ ಹೊಸದಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ನಿಧನರಾದಾಗಲೂ ಇದೇ ದೃಶ್ಯ ಕಂಡುಬಂದಿತ್ತು. ದೇಹವನ್ನು ಅಷ್ಟು ಹುರಿಗೊಳಿಸಿಕೊಂಡಿದ್ದ ವ್ಯಕ್ತಿಗೇ ಹೀಗಾದರೆ ಉಳಿದವರ ಗತಿಯೇನು ಎಂಬ ಪ್ರಶ್ನೆ ಮನೆಮನೆಯಲ್ಲಿ ಎದ್ದಿತು. ಆ ಭಯ ಕೆಲವರನ್ನು ವ್ಯಾಯಾಮದತ್ತ ತಳ್ಳಿದರೆ, ಇನ್ನು ಕೆಲವರನ್ನು ಜಿಮ್‌ನಿಂದ ಶಾಶ್ವತವಾಗಿ ದೂರ ಸರಿಸಿತು.

ಎರಡೂ ಸಂದರ್ಭಗಳಲ್ಲಿ ಭಯದ ಆಯುಷ್ಯ ಅಲ್ಪವಾಗಿತ್ತು. ಭಯದಿಂದ ಆರಂಭವಾದ ನಡಿಗೆ ಭಯ ಇಳಿಯುತ್ತಿದ್ದಂತೆ ನಿಲ್ಲುವುದು ಸಹಜ. ಭಯ ಇಳಿದ ಮೇಲೂ ನಡೆಯುವವರನ್ನು ನಿಲ್ಲಿಸುವ ಮತ್ತೊಂದು ಸಂಗತಿ ಮನೆಯೊಳಗೇ ಇದೆ. ಅದು ಮೂಲೆಯಲ್ಲಿರುವ ತೂಕದ ಯಂತ್ರ. ಮೂರು ತಿಂಗಳು ಬೆವರು ಹರಿಸಿದರೂ ಮುಳ್ಳು ಎರಡು ಕಿಲೋ ಕೆಳಗಿಳಿಯಲಿಲ್ಲವೆಂದರೆ ನಲವತ್ತೈದರ ಗೃಹಸ್ಥ 'ಇದು ವಯಸ್ಸಿನ ಬೊಜ್ಜು, ಕರಗುವುದಿಲ್ಲ' ಎಂದು ಷೂಗಳನ್ನು ಮಂಚದ ಕೆಳಗೆ ತಳ್ಳುತ್ತಾನೆ. ಈ ತೀರ್ಮಾನ ಎಷ್ಟು ಸರಿ? ಕಳೆದ ಕೆಲವು ದಶಕಗಳ ವೈದ್ಯಕೀಯ ಸಾಕ್ಷ್ಯವನ್ನು ನೋಡಿದರೆ ಅದು ಸಂಪೂರ್ಣ ತಪ್ಪು. ಮಾತ್ರವಲ್ಲ, ಅಪಾಯಕಾರಿ ಕೂಡ.

ಅಂಕಿ ಅಂಶಗಳು ಹೇಳುವುದೇನು?

ಹಾಸನದ ಸಾವುಗಳ ಅಧ್ಯಯನಕ್ಕೆ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಪರಿಶೀಲಿಸಿದ ಎಲ್ಲ ಸಾವುಗಳೂ ಹೃದಯಾಘಾತದಿಂದ ಆದವಲ್ಲವೆಂದು ಸಮಿತಿ ಕಂಡುಕೊಂಡಿತು. ನಿಗೂಢವಾದ ಒಂದೇ ಕಾರಣವಾಗಲೀ, ಹಲವರು ಶಂಕಿಸಿದಂತೆ ಕೋವಿಡ್ ಲಸಿಕೆಯ ಕೈವಾಡವಾಗಲೀ ಅದಕ್ಕೆ ಕಾಣಲಿಲ್ಲ. ಕಂಡದ್ದು ಹಳೆಯ ಪರಿಚಿತ ಶತ್ರುಗಳೇ: ರಕ್ತದೊತ್ತಡ, ಮಧುಮೇಹ, ಬೊಜ್ಜು, ತಂಬಾಕು.

ಈ ಶತ್ರುಗಳ ಬಲ ಎಷ್ಟೆಂಬುದನ್ನು ರಾಷ್ಟ್ರೀಯ ಸಮೀಕ್ಷೆಗಳು ಹೇಳುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 24ರಷ್ಟು ಮಹಿಳೆಯರು ಹಾಗೂ ಶೇ 22.9ರಷ್ಟು ಪುರುಷರು ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದರು. ಕರ್ನಾಟಕದಲ್ಲಿ ಇದು ಮಹಿಳೆಯರಲ್ಲೂ ಪುರುಷರಲ್ಲೂ ಶೇ 30ರ ಆಸುಪಾಸಿನಲ್ಲಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಬೃಹತ್ ಅಧ್ಯಯನವು ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಮಂದಿಗೆ ಮಧುಮೇಹ, ಶೇ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡ ಹಾಗೂ ಶೇ 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜು ಇದೆಯೆಂದು ಅಂದಾಜಿಸಿತು.

ಇನ್ನೊಂದು ಅಂಕಿ ಇವೆಲ್ಲದರ ಹಿಂದೆ ನಿಂತಿದೆ. 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆ ಪ್ರಕಟಿಸಿದ ಅಧ್ಯಯನದಂತೆ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲದ ಭಾರತೀಯ ವಯಸ್ಕರ ಪ್ರಮಾಣ 2000ದಲ್ಲಿ ಶೇ 22ರಷ್ಟಿದ್ದದ್ದು 2022ರ ವೇಳೆಗೆ ಶೇ 49ನ್ನು ದಾಟಿತ್ತು. ಪುರುಷರಲ್ಲಿ ಶೇ 42, ಮಹಿಳೆಯರಲ್ಲಿ ಶೇ 57. ಎರಡು ದಶಕಗಳಲ್ಲಿ ದೇಶದ ಸುಮಾರು ಅರ್ಧದಷ್ಟು ವಯಸ್ಕರು ಕುಳಿತುಬಿಟ್ಟರು ಎಂದರೆ ಉತ್ಪ್ರೇಕ್ಷೆಯೇನಲ್ಲ.

ವ್ಯಾಯಾಮವೇ ಕೊಲ್ಲುತ್ತದೆಯೇ?

ಮೊದಲು ಭಯದ ಪ್ರಶ್ನೆಯನ್ನೇ ಎತ್ತಿಕೊಳ್ಳುವುದು ಒಳಿತು. ಜಿಮ್‌ನಲ್ಲಿ ಕುಸಿದುಬಿದ್ದವರ ದೃಶ್ಯಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುವ ಕಾಲವಿದು. ಸೋಫಾದ ಮೇಲೆ ಕುಳಿತಲ್ಲೇ ಪ್ರಾಣ ಬಿಟ್ಟವರ ದೃಶ್ಯವನ್ನು ಯಾರೂ ಚಿತ್ರೀಕರಿಸುವುದಿಲ್ಲ. ಹಾಗಾಗಿ ಭಯಕ್ಕೆ ಒಂದೇ ಮುಖ ಕಾಣುತ್ತದೆ.

ಹಾಗೆಂದು ಈ ಭಯಕ್ಕೆ ಬುಡವೇ ಇಲ್ಲವೆನ್ನಲಾಗದು. 1993ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದು ಹೃದಯಾಘಾತಕ್ಕೆ ಒಳಗಾಗಿ ಬದುಕುಳಿದ 1,200ಕ್ಕೂ ಹೆಚ್ಚು ಮಂದಿಯನ್ನು ಮಾತನಾಡಿಸಿತು. ಭಾರೀ ಶ್ರಮದ ನಂತರದ ಒಂದು ಗಂಟೆಯಲ್ಲಿ ಅಪಾಯ ಏರುವುದು ನಿಜವೆಂದು ಅದು ಕಂಡುಕೊಂಡಿತು. ಆದರೆ ಏರಿಕೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ವಾರಕ್ಕೆ ಒಮ್ಮೆಯೂ ಶ್ರಮದ ವ್ಯಾಯಾಮ ಮಾಡದವರಲ್ಲಿ ಆ ಗಂಟೆಯ ಅಪಾಯ 107 ಪಟ್ಟು ಏರಿದರೆ, ವಾರಕ್ಕೆ ಐದು ಅಥವಾ ಹೆಚ್ಚು ಬಾರಿ ಮಾಡುವವರಲ್ಲಿ ಏರಿದ್ದು ಕೇವಲ 2.4 ಪಟ್ಟು. ಯಾವುದೇ ಒಂದು ಗಂಟೆಯಲ್ಲಿ ಹೃದಯಾಘಾತವಾಗುವ ಮೂಲ ಸಾಧ್ಯತೆಯೇ ಅತ್ಯಲ್ಪವಾದ ಕಾರಣ 107 ಪಟ್ಟೆಂಬ ಮಾತಿಗೆ ಕಂಗೆಡಬೇಕಾಗಿಲ್ಲ. ಗಮನಿಸಬೇಕಾದದ್ದು ಎರಡು ಅಂಕಿಗಳ ನಡುವಿನ ಅಂತರವನ್ನು. ಅಪಾಯವನ್ನು ಕಟ್ಟಿಹಾಕಿದ್ದು ವ್ಯಾಯಾಮದ ಗೈರುಹಾಜರಿಯಲ್ಲ, ಅದರ ಕ್ರಮಬದ್ಧತೆ.

ವರ್ಷವಿಡೀ ಕುರ್ಚಿಗೆ ಅಂಟಿಕೊಂಡಿದ್ದು, ಹೊಸ ವರ್ಷದ ಮೊದಲ ಭಾನುವಾರ ಮಗನೊಂದಿಗೆ ಪಂದ್ಯ ಕಟ್ಟಿ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಓಡಿ ಹತ್ತಲು ಹೊರಡುವ ಐವತ್ತರ ತಂದೆ ನಿಜಕ್ಕೂ ಅಪಾಯಕ್ಕೆ ಕೈಹಾಕುತ್ತಾನೆ. ಅದೇ ಮೆಟ್ಟಿಲುಗಳನ್ನು ವಾರಕ್ಕೆ ನಾಲ್ಕು ದಿನ ನಿಧಾನವಾಗಿ ಹತ್ತುತ್ತ ಬಂದವನಿಗೆ ಅದು ದಿನಚರಿ. ಮಧುಮೇಹ, ರಕ್ತದೊತ್ತಡ ಇದ್ದವರು, ಧೂಮಪಾನಿಗಳು, ಹತ್ತಿರದ ರಕ್ತಸಂಬಂಧಿಗಳಲ್ಲಿ ಚಿಕ್ಕ ವಯಸ್ಸಿನ ಹೃದ್ರೋಗ ಇದ್ದವರು ಬಿರುಸಿನ ವ್ಯಾಯಾಮಕ್ಕೆ ಮೊದಲು ವೈದ್ಯರನ್ನು ಕಾಣಬೇಕೆಂಬ ಸಲಹೆಯನ್ನು ಹಗುರವಾಗಿ ಕಾಣುವಂತಿಲ್ಲ. ನಡೆಯುವಾಗ ಎದೆ ಹಿಡಿದಂತಾದರೆ, ತೋಳಿಗೋ ದವಡೆಗೋ ನೋವು ಹರಿದರೆ, ಅಸಹಜ ಏದುಸಿರು ಬಂದರೆ ಅದು ಗ್ಯಾಸ್ ಎಂದು ಸೋಡಾ ಕುಡಿದು ಸುಮ್ಮನಾಗುವ ಅಭ್ಯಾಸ ಅನೇಕ ಜೀವಗಳನ್ನು ತೆಗೆದಿದೆ.

ಕ್ಯಾಲೊರಿಯ ಕಟು ಲೆಕ್ಕ

ಇನ್ನು ತೂಕದ ವಿಚಾರ. ವಯಸ್ಸಾದಂತೆ ದೇಹದ ಚಯಾಪಚಯ ಕುಂದುತ್ತದೆ, ಆದ್ದರಿಂದ ನಲವತ್ತರ ನಂತರ ದಪ್ಪಗಾಗುವುದು ಅನಿವಾರ್ಯ ಎಂಬ ನಂಬಿಕೆ ಬಹಳ ವ್ಯಾಪಕ. 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಹಲವು ದೇಶಗಳ 6,000ಕ್ಕೂ ಹೆಚ್ಚು ಜನರ ಮಾಪನಗಳನ್ನು ಒಟ್ಟುಗೂಡಿಸಿದ ಆ ಅಧ್ಯಯನದಂತೆ, ದೇಹದ ಗಾತ್ರ ಮತ್ತು ಸ್ನಾಯುವಿನ ಪ್ರಮಾಣವನ್ನು ಲೆಕ್ಕಕ್ಕೆ ಹಿಡಿದರೆ 20ರಿಂದ 60ರ ವಯಸ್ಸಿನವರೆಗೆ ದೇಹ ವ್ಯಯಿಸುವ ಶಕ್ತಿ ಬಹುತೇಕ ಸ್ಥಿರ. ಅಂದರೆ ನಲವತ್ತರ ಹೊಟ್ಟೆಗೆ ಕಾರಣ ವಯಸ್ಸೆನ್ನುವುದಕ್ಕಿಂತ ಆ ವಯಸ್ಸಿಗೆ ರೂಢಿಯಾದ ಬದುಕು. ಕುರ್ಚಿ, ಕಾರು, ತಡರಾತ್ರಿಯ ಊಟ, ಕರಗುತ್ತಿರುವ ಸ್ನಾಯು.

ಹಾಗಾದರೆ ನಡೆದರೂ ತೂಕ ಏಕೆ ಇಳಿಯುವುದಿಲ್ಲ? ಲೆಕ್ಕ ಸರಳವಾಗಿದೆ, ಕಟುವಾಗಿಯೂ ಇದೆ. 70 ಕಿಲೋ ತೂಕದ ವ್ಯಕ್ತಿ ಒಂದು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 200ರಿಂದ 250 ಕ್ಯಾಲೊರಿ. ಊಟದ ಚಮಚದಲ್ಲಿ ಎರಡು ಚಮಚ ಅಡುಗೆ ಎಣ್ಣೆಯಲ್ಲಿ ಇರುವುದೂ ಅಷ್ಟೇ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವುದು ಸುಮಾರು 7,700 ಕ್ಯಾಲೊರಿ. ನಡಿಗೆಯೊಂದರಿಂದಲೇ ಒಂದು ಕಿಲೋ ಇಳಿಸಲು ತಿಂಗಳಿಗೂ ಹೆಚ್ಚು ಕಾಲ ದಿನ ತಪ್ಪದೆ ನಡೆಯಬೇಕು, ಆ ಅವಧಿಯಲ್ಲಿ ಊಟ ಒಂದು ತುತ್ತೂ ಹೆಚ್ಚಬಾರದು. ಆದರೆ ಉದ್ಯಾನದ ಗೇಟಿನ ಎದುರಿಗೇ ದರ್ಶಿನಿ ಇರುತ್ತದೆ. ನಡಿಗೆ ಮುಗಿಸಿದ ತಂಡ ಅಲ್ಲಿ ಸೇರಿ ಒಂದು ಪ್ಲೇಟ್ ಇಡ್ಲಿ ವಡೆ, ಒಂದು ಬೈಟು ಕಾಫಿ ಮುಗಿಸುವ ಹೊತ್ತಿಗೆ ಗಂಟೆಯ ಗಳಿಕೆಯ ಬಹುಪಾಲು ಮರಳಿ ಜಮೆಯಾಗಿರುತ್ತದೆ.

ತೂಕ ಇಳಿಸುವ ಕೆಲಸದ ದೊಡ್ಡ ಪಾಲು ಅಡುಗೆಮನೆಯಲ್ಲೇ ಆಗಬೇಕೆಂಬುದು ಇದರಿಂದ ಸ್ಪಷ್ಟ. ಪ್ರಧಾನಿ ನರೇಂದ್ರ ಮೋದಿ 2025ರ ಫೆಬ್ರುವರಿಯಲ್ಲಿ ಆಕಾಶವಾಣಿಯ 'ಮನದ ಮಾತು' ಕಾರ್ಯಕ್ರಮದಲ್ಲಿ ಅಡುಗೆ ಎಣ್ಣೆಯ ಬಳಕೆಯನ್ನು ಶೇ 10ರಷ್ಟು ತಗ್ಗಿಸುವಂತೆ ದೇಶಕ್ಕೆ ಕರೆ ನೀಡಿದ್ದರ ಹಿಂದಿನ ತರ್ಕವೂ ಇದೇ. ಆದರೆ ಇಲ್ಲಿಂದ ಜನ ಹೊರಡಿಸುವ ಮುಂದಿನ ತೀರ್ಮಾನ, ಅಂದರೆ 'ತೂಕ ಇಳಿಸದ ವ್ಯಾಯಾಮ ವ್ಯರ್ಥ' ಎಂಬುದು, ಸಾಕ್ಷ್ಯಕ್ಕೆ ನೇರ ವಿರುದ್ಧವಾದದ್ದು.

ಚೆನ್ನೈ ಮತ್ತು ಡಲ್ಲಾಸ್‌ನ ಪಾಠ

ಈ ಮಾತಿಗೆ ಬಲವಾದ ಆಧಾರ ನೆರೆಯ ಚೆನ್ನೈನಲ್ಲೇ ಇದೆ. ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದ 531 ಮಂದಿಯನ್ನು ಸುಮಾರು ಎರಡೂವರೆ ವರ್ಷ ಕಾಲ ಗಮನಿಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದ ಫಲಿತಾಂಶವನ್ನು ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಪಾಲ್ಗೊಂಡವರ ಸರಾಸರಿ ವಯಸ್ಸು 46ರ ಆಸುಪಾಸು. ಅಂದರೆ ಅಪ್ಪಟ ನಡುವಯಸ್ಸು. ಸಾಮಾನ್ಯ ಸಲಹೆಯನ್ನಷ್ಟೇ ಪಡೆದ ಗುಂಪಿನಲ್ಲಿ ಮೂರು ವರ್ಷಗಳ ಲೆಕ್ಕದಲ್ಲಿ ಶೇ 55ರಷ್ಟು ಮಂದಿ ಮಧುಮೇಹಿಗಳಾದರು. ದಿನಕ್ಕೆ ಅರ್ಧ ಗಂಟೆಯ ಚುರುಕು ನಡಿಗೆ ಹಾಗೂ ಆಹಾರದ ಹಿಡಿತವನ್ನು ಪಾಲಿಸುವಂತೆ ಮತ್ತೆಮತ್ತೆ ತಿದ್ದಲಾದ ಗುಂಪಿನಲ್ಲಿ ಈ ಪ್ರಮಾಣ ಶೇ 39.3ಕ್ಕೆ ನಿಂತಿತು. ಸೋಜಿಗದ ಸಂಗತಿಯೆಂದರೆ, ಈ ಎರಡನೆಯ ಗುಂಪಿನವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆಯೇ ಆಗಿರಲಿಲ್ಲ. ತೂಕದ ಯಂತ್ರವನ್ನು ನಂಬಿದ್ದರೆ ಅವರೆಲ್ಲ 'ಪ್ರಯೋಜನವಿಲ್ಲ' ಎಂದು ಬಿಟ್ಟುಬಿಡಬೇಕಿತ್ತು. ಬಿಡದೆ ಮುಂದುವರಿಸಿದವರಲ್ಲಿ ಹಲವರು ಒಂದು ರೋಗದಿಂದ ಪಾರಾದರು.

ಎರಡನೆಯ ಸಾಕ್ಷ್ಯ ದೂರದ ಅಮೆರಿಕದ್ದು. 1966ರಲ್ಲಿ ಡಲ್ಲಾಸ್ ನಗರದ ವೈದ್ಯಕೀಯ ಕಾಲೇಜೊಂದರಲ್ಲಿ ಇಪ್ಪತ್ತರ ವಯಸ್ಸಿನ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಲಾಯಿತು. ಮಲಗಿ ಎದ್ದ ಯುವಕರ ಹೃದಯ ಮತ್ತು ಶ್ವಾಸದ ಸಾಮರ್ಥ್ಯ ಕಾಲು ಭಾಗಕ್ಕೂ ಹೆಚ್ಚು ಕುಸಿದಿತ್ತು. ಅದೇ ಐವರನ್ನು ಮೂವತ್ತು ವರ್ಷಗಳ ನಂತರ, ಐವತ್ತರ ಹೊಸ್ತಿಲಲ್ಲಿ, ವೈದ್ಯರು ಮತ್ತೆ ಕರೆಸಿದರು. ಅವರ ಸರಾಸರಿ ತೂಕ 77 ಕಿಲೋದಿಂದ 100 ಕಿಲೋಗೆ ಏರಿತ್ತು. ದೇಹದ ಕೊಬ್ಬಿನ ಪ್ರಮಾಣ ಎರಡು ಪಟ್ಟಾಗಿತ್ತು. ಆದರೂ ಮೂವತ್ತು ವರ್ಷದ ವಯಸ್ಸು ಮಾಡಿದ ಹಾನಿ ಮೂರು ವಾರದ ಹಾಸಿಗೆ ಮಾಡಿದ್ದ ಹಾನಿಗಿಂತ ಕಡಿಮೆಯೇ ಇತ್ತು.

ಆ ಬಳಿಕ ಅವರಿಗೆ ಆರು ತಿಂಗಳ ವ್ಯಾಯಾಮ ಕೊಡಲಾಯಿತು. ನಡಿಗೆ, ನಿಧಾನ ಓಟ, ಸೈಕಲ್. ಆರಂಭದಲ್ಲಿ ಅತ್ಯಲ್ಪ, ಕೊನೆಯಲ್ಲಿ ವಾರಕ್ಕೆ ಸುಮಾರು ನಾಲ್ಕೂವರೆ ಗಂಟೆ. ಆರು ತಿಂಗಳ ಕೊನೆಗೆ ತೂಕ ಇಳಿದದ್ದು ಸರಾಸರಿ ನಾಲ್ಕೂವರೆ ಕಿಲೋ ಮಾತ್ರ. ಆದರೆ ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಸಾಮರ್ಥ್ಯ ಅವರ ಇಪ್ಪತ್ತನೇ ವಯಸ್ಸಿನ ಆರಂಭದ ಮಟ್ಟಕ್ಕೆ ಮರಳಿತ್ತು. ಮೂವತ್ತು ವರ್ಷಗಳ ನಷ್ಟವನ್ನು ಆರು ತಿಂಗಳಲ್ಲಿ ತುಂಬಿಕೊಂಡಂತಾಯಿತು. ಐವರ ಮೇಲಿನ ಪ್ರಯೋಗವನ್ನೇ ಕೊನೆಯ ಮಾತೆನ್ನಲಾಗದು, ನಿಜ. ಆದರೆ ಲಕ್ಷಾಂತರ ಮಂದಿಯ ದಾಖಲೆಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಇದೇ ದಿಕ್ಕಿಗೆ ಕೈ ತೋರುತ್ತದೆ. ದೈಹಿಕ ಕ್ಷಮತೆಯುಳ್ಳ ಸ್ಥೂಲಕಾಯದವರಿಗಿಂತ ಕ್ಷಮತೆಯಿಲ್ಲದ ಸಾಮಾನ್ಯ ತೂಕದವರಲ್ಲೇ ಅಕಾಲಿಕ ಸಾವಿನ ಸಾಧ್ಯತೆ ಹೆಚ್ಚೆಂದು ಅದು ಹೇಳಿತು.

ತೂಕವೊಂದನ್ನೇ ನೆಚ್ಚಿಕೊಳ್ಳುವುದು ಭಾರತೀಯರಿಗೆ ಇನ್ನೂ ಒಂದು ಕಾರಣಕ್ಕೆ ಸಲ್ಲದು. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ತುಂಬಿರುವ ದೇಹಪ್ರಕೃತಿ ಈ ಉಪಖಂಡದ್ದು. ಆದ್ದರಿಂದಲೇ ಇಲ್ಲಿನ ತಜ್ಞರು ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ಸೊಂಟದ ಸುತ್ತಳತೆಯನ್ನೇ ಅಪಾಯದ ಗೆರೆಯೆಂದು ಗುರುತಿಸಿದ್ದಾರೆ. ಕ್ರಮಬದ್ಧ ವ್ಯಾಯಾಮ ಮೊದಲು ಕರಗಿಸುವುದು ಕರುಳಿನ ಸುತ್ತಲಿನ ಕೊಬ್ಬನ್ನು. ಅದೇ ವೇಳೆಗೆ ಸ್ನಾಯು ಸ್ವಲ್ಪ ಬೆಳೆದರೆ ತೂಕದ ಮುಳ್ಳು ಅಲುಗದೆಯೇ ಪ್ಯಾಂಟು ಸಡಿಲವಾಗುತ್ತದೆ. ದರ್ಜಿಯ ಟೇಪು ನಡುವಯಸ್ಸಿನವರಿಗೆ ತೂಕದ ಯಂತ್ರಕ್ಕಿಂತ ಹೆಚ್ಚು ನಿಷ್ಠುರವಾದ, ಹೆಚ್ಚು ಪ್ರಾಮಾಣಿಕವಾದ ಸಾಕ್ಷಿ.

ಸೂಜಿಮದ್ದಿನ ಯುಗ

ಈ ಚರ್ಚೆಗೆ 2025ರಲ್ಲಿ ಹೊಸದೊಂದು ತಿರುವು ದೊರೆಯಿತು. ತೂಕ ಇಳಿಸುವ ಚುಚ್ಚುಮದ್ದುಗಳಾದ ಟಿರ್ಜೆಪಟೈಡ್ ಮಾರ್ಚ್‌ನಲ್ಲೂ ಸೆಮಾಗ್ಲುಟೈಡ್ ಜೂನ್‌ನಲ್ಲೂ ಭಾರತದ ಮಾರುಕಟ್ಟೆಗೆ ಬಂದವು. ತೂಕವೇ ಏಕೈಕ ಗುರಿಯಾದರೆ ನಡಿಗೆ ಇವುಗಳ ಮುಂದೆ ನಿಲ್ಲಲಾರದು. ತೀವ್ರ ಬೊಜ್ಜಿನಿಂದ ನರಳುವವರಿಗೆ, ಅದರ ಜೊತೆ ಮಧುಮೇಹವಿರುವವರಿಗೆ ಇವು ವರದಾನವೆಂಬುದರಲ್ಲಿ ಸಂಶಯವಿಲ್ಲ. ಅವುಗಳನ್ನು ಬಳಸುವವರನ್ನು ಸೋಮಾರಿಗಳೆಂದು ಹಳಿಯುವುದು ಅನ್ಯಾಯ.

ಆದರೆ ಎರಡು ಸಂಗತಿಗಳನ್ನು ಮರೆಯುವಂತಿಲ್ಲ. ಸೆಮಾಗ್ಲುಟೈಡ್ ನಿಲ್ಲಿಸಿದವರು ಒಂದು ವರ್ಷದಲ್ಲಿ ಇಳಿಸಿಕೊಂಡಿದ್ದ ತೂಕದ ಮೂರನೇ ಎರಡು ಭಾಗವನ್ನು ಮರಳಿ ಗಳಿಸಿದರೆಂದು ಔಷಧದ ಪ್ರಯೋಗದ ಮುಂದುವರಿದ ಭಾಗವೇ ತೋರಿಸಿತು. ಅಲ್ಲದೆ, ಇಳಿದ ತೂಕದಲ್ಲಿ ಒಂದು ಪಾಲು ಸ್ನಾಯುವಿನದು. ಮೂವತ್ತರ ನಂತರ ದಶಕಕ್ಕೆ ಶೇ 3ರಿಂದ 8ರಷ್ಟು ಸ್ನಾಯು ತಾನಾಗಿಯೇ ಕರಗುತ್ತದೆಂಬುದು ವೈದ್ಯಶಾಸ್ತ್ರದ ಅಂದಾಜು. ಅದರ ಮೇಲೆ ಔಷಧದಿಂದಲೂ ಸ್ನಾಯು ಕರಗಿದರೆ ಅರವತ್ತರಲ್ಲಿ ನೆಲದಿಂದ ಏಳಲು ಕೈ ಊರಬೇಕಾದೀತು. ಸೂಜಿಮದ್ದು ತೆಗೆದುಕೊಳ್ಳುವವರಿಗೂ ವ್ಯಾಯಾಮ ಅನಿವಾರ್ಯವೆಂದು ವೈದ್ಯರು ಒತ್ತಿ ಹೇಳುವುದು ಈ ಕಾರಣಕ್ಕೇ. ಇಳಿಸಿದ ತೂಕವನ್ನು ವರ್ಷಗಟ್ಟಲೆ ಕಾಯ್ದುಕೊಂಡವರ ದಾಖಲೆಯನ್ನು ಅಮೆರಿಕದಲ್ಲಿ 1990ರ ದಶಕದಿಂದ ಇಡಲಾಗಿದೆ. ಅವರಲ್ಲಿ ಬಹುತೇಕರು ದಿನಕ್ಕೆ ಸುಮಾರು ಒಂದು ಗಂಟೆ ದೇಹ ದಂಡಿಸುವವರು. ತೂಕ ಇಳಿಸುವುದರಲ್ಲಿ ವ್ಯಾಯಾಮದ ಪಾತ್ರ ಸಣ್ಣದಿರಬಹುದು. ಇಳಿದದ್ದನ್ನು ಉಳಿಸಿಕೊಳ್ಳುವುದರಲ್ಲಿ ಅದರ ಪಾತ್ರ ದೊಡ್ಡದು.

ಆ ಒಂದು ಗಂಟೆ ಯಾರ ಕೈಯಲ್ಲಿದೆ?

ಇಷ್ಟೆಲ್ಲ ತಿಳಿದ ಮೇಲೂ ಜನ ಏಕೆ ನಡೆಯುವುದಿಲ್ಲ ಎಂಬ ಪ್ರಶ್ನೆಗೆ 'ಸೋಮಾರಿತನ' ಎಂಬ ಒಂದೇ ಪದದ ಉತ್ತರ ಸಾಲದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸಕ್ಕೆ ಅದರಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ ಪುರುಷರು ಕೊಡುವುದು 88 ನಿಮಿಷ. ಬೆಳಗಿನ ಐದೂವರೆಗೆ ಗಂಡ ವಾಕಿಂಗ್‌ಗೆ ಹೊರಟಾಗ ಹೆಂಡತಿ ಕುಕ್ಕರ್ ಇಡುತ್ತಿರುತ್ತಾಳೆ. ಮಕ್ಕಳ ಡಬ್ಬಿ, ಅತ್ತೆಯ ಮಾತ್ರೆ, ತನ್ನ ಕಚೇರಿಯ ಬಸ್ಸು ಇವುಗಳ ನಡುವೆ ಆಕೆಯ ಅರ್ಧ ಗಂಟೆ ಎಲ್ಲಿಂದ ಬರಬೇಕು? ದೈಹಿಕ ಚಟುವಟಿಕೆಯಿಲ್ಲದ ಮಹಿಳೆಯರ ಪ್ರಮಾಣ ಶೇ 57ಕ್ಕೆ ಏರಿರುವುದನ್ನು ಈ ಹಿನ್ನೆಲೆಯಲ್ಲೇ ಓದಿಕೊಳ್ಳಬೇಕಾಗುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಸೇರುವುದು, ಮೂಳೆಗಳು ಸವೆಯುವುದು ಹೆಚ್ಚಾಗುವ ಕಾರಣ ವ್ಯಾಯಾಮದ ಅಗತ್ಯ ಅತಿ ಹೆಚ್ಚಿರುವುದೂ ಆಕೆಗೇ. ಮನೆಮಂದಿ ವಾರದಲ್ಲಿ ಐದು ದಿನ ಬೆಳಗಿನ ಅರ್ಧ ಗಂಟೆಯ ಅಡುಗೆ ಹೊಣೆ ಹೊತ್ತರೆ ಅದು ಯಾವುದೇ ಜಿಮ್‌ನ ಸದಸ್ಯತ್ವಕ್ಕಿಂತ ಹೆಚ್ಚಿನ ಉಡುಗೊರೆಯಾದೀತು.

ಇನ್ನು ಸರ್ಕಾರ ಮತ್ತು ನಗರಾಡಳಿತದ ಪಾಲು. ಎದೆನೋವು ಬಂದವರಿಗೆ ತಾಲ್ಲೂಕು ಮಟ್ಟದಲ್ಲೇ ಇಸಿಜಿ ಮತ್ತು ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಒದಗಿಸುವ 'ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆ ನಿಸ್ಸಂದೇಹವಾಗಿ ಶ್ಲಾಘನೀಯ. ಆದರೆ ಅದು ರೋಗ ಬಂದ ಮೇಲಿನ ಚಿಕಿತ್ಸೆ. ರೋಗ ಬಾರದಂತೆ ನಡೆಯಲು ಕಾಲುದಾರಿ ಬೇಕು. ರಾಜ್ಯದ ನಗರಗಳಲ್ಲಿ ಕಾಲುದಾರಿಯೆಂದರೆ ಕಲ್ಲು ಎದ್ದ ಚರಂಡಿ ಮುಚ್ಚಳ, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಸ್ಕೂಟರ್ ಮತ್ತು ಮಲಗಿದ ಬೀದಿನಾಯಿಗಳ ಸಾಲು. ಐವತ್ತರ ಮಂಡಿಗೆ ಅದು ನಡಿಗೆಯ ಹಾದಿಯಲ್ಲ, ಅಡೆತಡೆಯ ಓಟ.

ಸಣ್ಣ ತೀರ್ಮಾನಗಳೂ ಬದಲಾವಣೆ ತರಬಲ್ಲವು. 2024ರ ಜೂನ್‌ನಲ್ಲಿ ಬೆಂಗಳೂರಿನ ಪಾಲಿಕೆ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ನಿರ್ಧರಿಸಲಾಯಿತು. ಹಗಲಿನಲ್ಲಿ ಬೀಗ ಹಾಕುವ ಹಳೆಯ ಪದ್ಧತಿಯಿಂದ ಹೆಚ್ಚು ತೊಂದರೆಗೊಳಗಾಗಿದ್ದವರು ಪಾಳಿಯಲ್ಲಿ ದುಡಿಯುವವರು, ಮಕ್ಕಳನ್ನು ಶಾಲೆಗೆ ಬಿಟ್ಟ ಬಳಿಕವಷ್ಟೇ ಬಿಡುವಾಗುವ ತಾಯಂದಿರು. ಖರ್ಚಿಲ್ಲದ ಇಂಥ ಕ್ರಮಕ್ಕೆ ಇತರ ನಗರಗಳೂ ಮನಸ್ಸು ಮಾಡಬಹುದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಸ್ಥಾನದಲ್ಲಿ ರಚನೆಯಾದ ಐದು ನಗರ ಪಾಲಿಕೆಗಳು ಸುರಂಗ, ಮೇಲ್ಸೇತುವೆಗಳ ಮಾತಿನ ನಡುವೆ ಪ್ರತಿ ವಾರ್ಡಿನಲ್ಲಿ ಎರಡು ಕಿಲೋಮೀಟರ್ ಎಡವದೆ ನಡೆಯಬಹುದಾದ ದಾರಿಯನ್ನು ಕೊಟ್ಟರೂ ಸಾಕು, ಅದು ಆರೋಗ್ಯ ಇಲಾಖೆಯ ಕೆಲಸವನ್ನೇ ಮಾಡಿದಂತೆ.

ಎಷ್ಟು ಮಾಡಿದರೆ ಸಾಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಹಾಗೂ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು. ಮಧ್ಯಮ ಶ್ರಮವೆಂದರೆ ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಹಳೆಯ ಮಾರ್ಗಸೂಚಿಯಲ್ಲಿದ್ದ 'ಒಂದೇಟಿಗೆ ಕನಿಷ್ಠ ಹತ್ತು ನಿಮಿಷ' ಎಂಬ ಷರತ್ತನ್ನು ಈ ಪರಿಷ್ಕರಣೆಯಲ್ಲಿ ಕೈಬಿಡಲಾಗಿದೆ. ಬಸ್ ನಿಲ್ದಾಣಕ್ಕೆ ಎಂಟು ನಿಮಿಷ, ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಮೂರು ನಿಮಿಷ, ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ.

ನಮ್ಮಲ್ಲಿ ಬಹುತೇಕರು ಮರೆಯುವುದು ಆ 'ಎರಡು ದಿನ'ದ ಭಾಗವನ್ನು. ಕೇವಲ ನಡಿಗೆಯಿಂದ ಸ್ನಾಯು ಉಳಿಯದು. ಇದಕ್ಕೆ ದುಬಾರಿ ಯಂತ್ರಗಳೇನೂ ಬೇಕಿಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ದಂಡ ಮತ್ತು ಬಸ್ಕಿ ಇಂದಿನ ಜಿಮ್‌ಗಳ ಪುಷ್ಅಪ್, ಸ್ಕ್ವಾಟ್‌ಗಳ ಹತ್ತಿರದ ಬಂಧುಗಳೇ. ಶಾಲೆಯಲ್ಲಿ ಶಿಕ್ಷೆಯಾಗಿ ಹೊಡೆದ ಬಸ್ಕಿಯನ್ನು ನಲವತ್ತೈದರಲ್ಲಿ ಕುರ್ಚಿಯ ಆಸರೆ ಹಿಡಿದು ಹತ್ತರಿಂದ ಆರಂಭಿಸಿದರೆ ಮಂಡಿಗೂ ಬೆನ್ನಿಗೂ ಅದು ರಕ್ಷೆ. 2022ರ ಜೂನ್ 21ರಂದು ಪ್ರಧಾನಿಯ ಸಮ್ಮುಖದಲ್ಲಿ ಮೈಸೂರು ಅರಮನೆಯ ಅಂಗಳದಲ್ಲಿ ಸಾವಿರಾರು ಮಂದಿ ಯೋಗ ಮಾಡಿದ್ದನ್ನು ದೇಶವೇ ನೋಡಿತು. ದೇಹಕ್ಕೆ ಮಾತ್ರ ಉತ್ಸವದ ಆ ಒಂದು ದಿನಕ್ಕಿಂತ ಕ್ಯಾಮೆರಾ ಇಲ್ಲದ ಉಳಿದ 364 ದಿನಗಳ ಲೆಕ್ಕವೇ ಮುಖ್ಯ.

ಹಾಸನದ ಸುದ್ದಿ ಹಳೆಯದಾಯಿತು. ಆಸ್ಪತ್ರೆಯ ಮುಂದಿನ ಆ ಸಾಲೂ ಕರಗಿತು. ಮುಂದೊಂದು ದಿನ ಮತ್ತೊಂದು ಆಘಾತಕಾರಿ ಸಾವು ನಾಡನ್ನು ಬೆಚ್ಚಿಬೀಳಿಸಬಹುದು, ಸಾಲು ಮತ್ತೆ ಬೆಳೆಯಬಹುದು. ಆ ಸಾಲಿನಲ್ಲಿ ನಿಂತು ಪಡೆಯುವ ಇಸಿಜಿ ಆ ಕ್ಷಣದ ಹೃದಯದ ಬಗ್ಗೆ ಮಾತ್ರ ಹೇಳಬಲ್ಲದು. ಮುಂದಿನ ಇಪ್ಪತ್ತು ವರ್ಷದ ಬಗ್ಗೆ ಅದು ಭರವಸೆ ಕೊಡಲಾರದು. ಆ ಭರವಸೆಯ ಒಂದು ದೊಡ್ಡ ಪಾಲು ದಿನದ ಅರ್ಧ ಗಂಟೆಯಲ್ಲಿದೆ. ಮೂರು ತಿಂಗಳ ನಂತರ ತೂಕದ ಯಂತ್ರ ಅದೇ ಅಂಕಿಯನ್ನು ತೋರಿಸಿದರೂ, ಮೊದಲು ಎರಡು ಬಾರಿ ನಿಂತು ಏರುತ್ತಿದ್ದ ಮೂರನೇ ಮಹಡಿಯನ್ನು ಒಂದೇ ಉಸಿರಿನಲ್ಲಿ ಏರಲು ಸಾಧ್ಯವಾದರೆ ದೇಹ ತನ್ನ ಉತ್ತರವನ್ನು ಕೊಟ್ಟಿದೆಯೆಂದೇ ಅರ್ಥ. ಮಂಚದ ಕೆಳಗೆ ಹೋಗಬೇಕಾದದ್ದು ತೂಕದ ಯಂತ್ರವೇ ಹೊರತು ಷೂಗಳಲ್ಲ.